ನಸುಕಿನ ಮೂರು ಗಂಟೆಯ ನೀರು

ನಮ್ಮ ವಿಭಾಗದ ಪತ್ರಿಕೆಗೆ ಏನಾದರೂ ಬರೆದು ಕೊಡಿ ಎಂದು ಈಗಿನ ವಿದ್ಯಾರ್ಥಿಗಳು ಫೋನ್ ಮಾಡಿದಾಗ ಮೊದಲು ನೆನಪಾದದ್ದು ಒಂದು ಸುಳ್ಳು. ಎಂ.ಎಸ್ಸಿ. ಎರಡನೇ ವರ್ಷದಲ್ಲಿ ನಾನು ರೆಕಾರ್ಡ್ ಪುಸ್ತಕದಲ್ಲಿ ಬರೆದ ಸುಳ್ಳು. ಇಪ್ಪತ್ತೈದು ವರ್ಷ ಆಯಿತು, ಈಗ ಹೇಳಿದರೆ ಯಾರೂ ಅಂಕ ಕಡಿಮೆ ಮಾಡಲಾರರು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಾನು ಗದಗ ಕಡೆಯವನು. ಎರೆಭೂಮಿ, ಜೋಳ, ಹತ್ತಿ. ನಮ್ಮ ಮನೆಯಲ್ಲಿ ಮೊಟ್ಟೆಯೂ ಒಳಗೆ ಬಂದದ್ದಿಲ್ಲ. ಬಿ.ಎಸ್ಸಿ. ಮುಗಿದ ಮೇಲೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗಕ್ಕೆ ಸೀಟು ಸಿಕ್ಕಿತು. ಅವ್ವ ಕೇಳಿದ್ದು ಒಂದೇ ಮಾತು: "ಮೀನ ಹಿಡಿಯಾಕ ಎಂ.ಎಸ್ಸಿ. ಯಾಕ ಬೇಕೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಧಾರವಾಡದಲ್ಲಿ ಕೆಮಿಸ್ಟ್ರಿಗೆ ಸೀಟು ಸಿಗದೆ ಇಲ್ಲಿಗೆ ಬಂದವನು ನಾನು. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ದಾಟಿ ಬಸ್ಸಿನಿಂದ ಇಳಿಯುವಷ್ಟರಲ್ಲಿ ಹೊಟ್ಟೆಯಲ್ಲಿದ್ದ ರೊಟ್ಟಿ ಘಟ್ಟದಲ್ಲೇ ಉಳಿದಿತ್ತು.

ಮೊದಲ ತಿಂಗಳು ಎದುರಾದದ್ದು ವಾಸನೆ. ಮೀನು ಕೆಡದಂತೆ ಇಡುವ ಫಾರ್ಮಾಲಿನ್ ಮೂಗಿಗೆ ಏರಿದರೆ ಕಣ್ಣಲ್ಲಿ ನೀರು. ಜಾಡಿಯಿಂದ ಮೀನು ತೆಗೆದು, ರೆಕ್ಕೆಯ ಮುಳ್ಳು ಎಣಿಸಿ, ಪಕ್ಕದ ಗೆರೆಯ ಹುರುಪೆ ಎಣಿಸಿ, ಬಾಯಿ ಅಗಲಿಸಿ ನೋಡಬೇಕಿತ್ತು. ಬಂಗುಡೆ, ತಾರ್ಲೆ, ಇಸ್ವಾಣ್ ಎಂದು ಕಾರವಾರದ ಹುಡುಗರು ದೂರದಿಂದಲೇ ಹೇಳುತ್ತಿದ್ದರು. ನನಗೆ ಎಲ್ಲವೂ ಮೀನೇ. ಹಾಗಾಗಿ ನಾನು ಪುಸ್ತಕದ ಕೀಲಿ, ಅಂದರೆ ಲಕ್ಷಣ ನೋಡಿ ಹೆಸರು ಹುಡುಕುವ ಪಟ್ಟಿ, ಹಿಡಿದು, ಮುಳ್ಳು ಎಣಿಸುತ್ತಾ, ಲ್ಯಾಟಿನ್ ಹೆಸರಿಗೆ ಬರುತ್ತಿದ್ದೆ. ಒಂದು ಸಲ ಎಣಿಕೆ ನಡೆದಿರುವಾಗ ಗೆಳೆಯನೊಬ್ಬ ಕೇಳಿದ: "ಏನಲೇ, ಅದರ ಜಾತಕ ಬರೀತೀಯೇನು?" ಆದರೆ ಪರೀಕ್ಷೆಯಲ್ಲಿ ಅವನಿಗಿಂತ ಜಾಸ್ತಿ ಹೆಸರು ಸರಿ ಬರೆದದ್ದು ನಾನೇ. ಬಂಗುಡೆ ಅಂತ ಗೊತ್ತಿದ್ದವನು ಮುಳ್ಳು ಎಣಿಸುವುದಿಲ್ಲ ನೋಡಿ.

ತಟ್ಟೆಗೆ ಮೀನು ಬಂದ ಕಥೆ ಇಲ್ಲಿ ಬೇಡ. ಅವ್ವ ಈ ಪತ್ರಿಕೆ ಓದಿಸಿಕೊಳ್ಳುತ್ತಾಳೆ.

ಕೋಡಿಬಾಗ ಎಂದರೆ ಕಾಳಿ ನದಿ ಅರಬ್ಬಿ ಸಮುದ್ರ ಸೇರುವ ಜಾಗ. ನೀರು ಉಪ್ಪೋ ಸಿಹಿಯೋ ಎಂದು ಯಾರಾದರೂ ಕೇಳಿದರೆ "ಯಾವ ತಿಂಗಳು? ಎಷ್ಟು ಗಂಟೆಗೆ?" ಎಂದು ವಾಪಸ್ ಕೇಳಬೇಕು. ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಮೇ ತಿಂಗಳಲ್ಲಿ ಅಳಿವೆಯ ಬಾಯಲ್ಲಿ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಜುಲೈ ಮಳೆಯಲ್ಲಿ ಅದೇ ಜಾಗದಲ್ಲಿ ಮೇಲಿನ ನೀರು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಮೇಲೆ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗೆ ನಮ್ಮ ಅಂಕಿಗಳೂ ಅಲುಗಾಡುತ್ತಿದ್ದವು.

ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ನಿಂತು ಚಿಪ್ಪು ಆರಿಸುವ ಹೆಂಗಸರು ಇದನ್ನೆಲ್ಲ ನಾವು ಉಪ್ಪು ಅಳೆಯಲು ಬಳಸುವ ಸಿಲ್ವರ್ ನೈಟ್ರೇಟ್ ಇಲ್ಲದೆ ಹೇಳುತ್ತಿದ್ದರು. ಕಾಲಿನಿಂದ ಕೆಸರು ಕೆದಕಿ, ಬೆರಳಿಗೆ ಸಿಕ್ಕಿದ್ದನ್ನು ಬಗ್ಗಿ ಬುಟ್ಟಿಗೆ ಹಾಕುವ ಕೆಲಸ. ಕಪ್ಪು ಚಿಪ್ಪಿನದು ಮೇಲೆ, ಸಿಹಿನೀರು ಜಾಸ್ತಿ ಇರುವ ಕಡೆ. ಗೆರೆಗೆರೆ ಇರುವ ತಿಸ್ರೆ ಕೆಳಗೆ, ಬಾಯಿಯ ಹತ್ತಿರ. ನಾವು ಅವನ್ನೇ ವಿಲ್ಲೊರಿಟಾ, ಪಾಫಿಯಾ ಎಂದು ಬರೆದುಕೊಂಡು, ಉಪ್ಪಿನಂಶದ ಗ್ರಾಫಿನ ಪಕ್ಕ ಇನ್ನೊಂದು ಗ್ರಾಫ್ ಎಳೆದು, ಎರಡಕ್ಕೂ ಸಂಬಂಧ ಇದೆ ಎಂದು ಸೆಮಿನಾರಿನಲ್ಲಿ ಹೇಳಿದೆವು. ನನ್ನ ಸೆಮಿನಾರ್ ಚೆನ್ನಾಗಿತ್ತು ಎಂದರು. ಅರ್ಧ ಅಂಕವನ್ನಾದರೂ ಆ ಹೆಂಗಸರಿಗೆ ಕೊಡಬೇಕಿತ್ತು.

ಈಗ ಆ ರಾತ್ರಿ.

ಡಿಸೆಂಬರ್ ತಿಂಗಳು, ಹುಣ್ಣಿಮೆಗೆ ಮೂರು ದಿನ ಮುಂಚೆ. ಅಳಿವೆಯಲ್ಲಿ ದೋಣಿ ಲಂಗರು ಹಾಕಿ ಇಪ್ಪತ್ನಾಲ್ಕು ಗಂಟೆ ಕೂತು, ಗಂಟೆಗೊಮ್ಮೆ ಮೇಲಿನ ನೀರು, ತಳದ ನೀರು ಎರಡನ್ನೂ ತೆಗೆಯಬೇಕು. ನೀರಿನ ಉಷ್ಣತೆ ಬರೆಯಬೇಕು. ಕರಗಿದ ಆಮ್ಲಜನಕಕ್ಕೆ ಗಾಜಿನ ಬಾಟಲಿ ತುಂಬಿ, ಗುಳ್ಳೆ ಸೇರದ ಹಾಗೆ ಮುಚ್ಚಿ, ಅಲ್ಲೇ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆಸಿದ ಐಯೊಡೈಡ್ ಹಾಕಬೇಕು. ಕಂದು ಬಣ್ಣದ ಗಸಿ ಕೆಳಗಿಳಿದರೆ ಆಮ್ಲಜನಕ ಸಿಕ್ಕಿಬಿತ್ತು ಎಂದು ಅರ್ಥ. ಉಪ್ಪಿನಂಶಕ್ಕೆ ಬೇರೆ ಬಾಟಲಿ. ಪಾಳಿ ಹಂಚಿಕೊಂಡಿದ್ದೆವು. ನಡುರಾತ್ರಿಯಿಂದ ಬೆಳಗಿನವರೆಗೆ ನನ್ನದು. ಜೊತೆಗಾರನಿಗೆ ಜ್ವರ ಬಂದು ದಡಕ್ಕೆ ಹೋದ. ಉಳಿದದ್ದು ನಾನು ಮತ್ತು ದೋಣಿ ಕಾಕಾ.

ಎರಡು ಗಂಟೆಯದು ತೆಗೆದೆ. ಐದು ನಿಮಿಷ ಒರಗೋಣ ಎಂದು ಹಗ್ಗದ ರಾಶಿಗೆ ತಲೆ ಕೊಟ್ಟೆ. ಎಚ್ಚರ ಆದಾಗ ನಾಲ್ಕು ಗಂಟೆಗೆ ಎರಡು ನಿಮಿಷ ಬಾಕಿ. ಕಾಕಾ ಬೀಡಿ ಸೇದುತ್ತಾ ಸುಮ್ನೆ ಕೂತಿದ್ದರು. ನಾನು ಗಡಿಬಿಡಿಯಲ್ಲಿ ನಾಲ್ಕು ಗಂಟೆಯ ನೀರು ತೆಗೆದು ಅದನ್ನೇ ಎರಡು ಸೆಟ್ ಬಾಟಲಿಗೆ ತುಂಬಿದೆ. ಒಂದಕ್ಕೆ ಮೂರು ಎಂದು ಚೀಟಿ, ಇನ್ನೊಂದಕ್ಕೆ ನಾಲ್ಕು. ಮರುದಿನ ಲ್ಯಾಬಿನಲ್ಲಿ ಟೈಟ್ರೇಷನ್ ಮಾಡಿ ಉಪ್ಪು ಅಳೆದು, ಮೂರರದ್ದು ನಾಲ್ಕರಂತೆಯೇ ಇರಬಾರದಲ್ಲ ಎಂದು ಎರಡರ ಅಂಕಿಗೂ ನಾಲ್ಕರ ಅಂಕಿಗೂ ನಡುವಿನ ಒಂದು ಅಂಕಿ ಬರೆದೆ. ಗ್ರಾಫ್ ನುಣ್ಣಗೆ ಬಂತು. ನನಗೇ ಖುಷಿ ಆಯಿತು.

ಎರಡು ದಿನ ಬಿಟ್ಟು ಮೇಡಂ ಕರೆದರು. ಅವರ ಮೇಜಿನ ಮೇಲೆ ನನ್ನ ಬಾಟಲಿಗಳು, ಪಕ್ಕದಲ್ಲಿ ಬ್ಯುರೆಟ್, ಅಳತೆಯ ಗೆರೆ ಇರುವ ಗಾಜಿನ ಕೊಳವೆ. ಹತ್ತು ಎಂ.ಎಲ್. ನೀರು, ಎರಡು ಹನಿ ಪೊಟ್ಯಾಸಿಯಂ ಕ್ರೋಮೇಟ್. ಹಳದಿ. ಮೇಲಿನಿಂದ ಸಿಲ್ವರ್ ನೈಟ್ರೇಟ್ ಹನಿಹನಿಯಾಗಿ ಬೀಳುತ್ತದೆ. ಉಪ್ಪೆಲ್ಲ ಬೆಳ್ಳಿಯ ಜೊತೆ ಸೇರಿ ಮೊಸರಿನ ಹಾಗೆ ಒಡೆದು, ಇನ್ನು ಉಪ್ಪು ಉಳಿದಿಲ್ಲ ಎನ್ನುವ ಹನಿಗೆ ಇಡೀ ದ್ರಾವಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಅವರು ನನ್ನ ಮುಂದೆಯೇ ಎರಡೂ ಬಾಟಲಿ ಮಾಡಿದರು. ಒಂದೇ ಗೆರೆಗೆ ನಿಂತವು.

"ಅವಳಿ ಮಕ್ಕಳ ಹಾಗಿವೆಯಲ್ಲಪ್ಪಾ," ಎಂದರು. ನಾನು ನನ್ನ ಬೆರಳು ನೋಡುತ್ತಾ ನಿಂತೆ. ಸಿಲ್ವರ್ ನೈಟ್ರೇಟ್ ತಾಗಿದ ಬೆರಳು ಬೆಳಕಿಗೆ ಕಪ್ಪಾಗುತ್ತದೆ. ಎಷ್ಟು ತೊಳೆದರೂ ವಾರ ಹೋಗುವುದಿಲ್ಲ.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ: "ಮೂರು ಗಂಟೆಗೆ ನದಿ ಏನು ಮಾಡ್ತಿತ್ತು?"

ಗೊತ್ತಿಲ್ಲ ಮೇಡಂ ಎಂದೆ. "ಹಾಗಾದ್ರೆ ಇನ್ನೊಂದ್ಸಲ ಹೋಗಿ ನೋಡ್ಕೊಂಡು ಬಾ," ಎಂದು ಉಬ್ಬರ-ಇಳಿತದ ಪಟ್ಟಿ ತೆಗೆದರು. ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಅದೇ ಹೊತ್ತಿಗೆ ಅಂಥದೇ ಇಳಿತ ಬೇಕೆಂದರೆ ಹೆಚ್ಚುಕಡಿಮೆ ಎರಡು ವಾರ ಕಾಯಬೇಕು. ಅಮಾವಾಸ್ಯೆಗೆ ಮೂರು ದಿನ ಮುಂಚಿನ ತಾರೀಖು ಸಿಕ್ಕಿತು. ಪೂರ್ತಿ ಇಪ್ಪತ್ನಾಲ್ಕು ಗಂಟೆ, ಮತ್ತೆ.

ಆ ರಾತ್ರಿ ಚಂದ್ರ ಇರಲಿಲ್ಲ. ಹಗ್ಗ ನೀರಿಗಿಳಿದಲ್ಲೆಲ್ಲ ತಿಳಿನೀಲಿ ಕಿಡಿ. ನೀರಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಅಲುಗಿದರೆ ಬೆಳಗುತ್ತವೆ ಎಂದು ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈ ಅದ್ದಿ ತೆಗೆದರೆ ಬೆರಳ ತುದಿಯಿಂದ ಬೆಳಕು ತೊಟ್ಟಿಕ್ಕುತ್ತಿತ್ತು. ಕಪ್ಪು ಕಲೆಯ ಬೆರಳೇ.

ಮೂರು ಗಂಟೆ. ದೋಣಿಯ ಮೂತಿ ಇನ್ನೂ ನದಿಯ ಮೇಲ್ಭಾಗಕ್ಕೇ ಇತ್ತು. ಅಂದರೆ ನೀರು ಸಮುದ್ರದ ಕಡೆ ಹೋಗುತ್ತಿದೆ, ಇಳಿತ ಮುಗಿದಿಲ್ಲ. ಒಂದು ಎಲೆ ತೇಲಿ ಬಂತು. ಅದೂ ನಿಧಾನಕ್ಕೆ ಸಮುದ್ರದ ಕಡೆಗೇ ಹೋಯಿತು. ತಳದ ನೀರಿಗೆ ಬಾಟಲಿ ಇಳಿಸಿದೆ. ಹಗ್ಗ ಮೊದಲು ಎಲೆಯ ದಿಕ್ಕಿಗೆ ವಾಲಿತು. ಎರಡು ಮೂರು ಮಾರು ಇಳಿದ ಮೇಲೆ ಕೆಳಗಿನ ಭಾಗ ಆ ಕಡೆಗೆ, ನದಿಯ ಒಳಕ್ಕೆ, ಬಾಗಿತು. ಬೆಳಕಿನ ಗೆರೆಯ ಹಾಗೆ ಕಾಣುತ್ತಿತ್ತು, ಹಾಗಾಗಿ ನೋಡಲು ಸಾಧ್ಯವಾಯಿತು. ನಾನು ಎರಡು ಸಲ ಎಳೆದು ಮತ್ತೆ ಇಳಿಸಿದೆ. ಎರಡೂ ಸಲ ಹಾಗೆಯೇ.

ಮೇಲೆ ನದಿ ಹೊರಗೆ ಹೋಗುತ್ತಿದೆ, ಕೆಳಗೆ ಸಮುದ್ರ ಆಗಲೇ ಒಳಗೆ ಬರುತ್ತಿದೆ. ಉಪ್ಪುನೀರು ಭಾರ, ತಳ ಹಿಡಿದು ಬರುತ್ತದೆ. ಪುಸ್ತಕದಲ್ಲಿ ಬಾಣದ ಗುರುತಿನ ಚಿತ್ರ ಇತ್ತು, ನಾನೇ ಬಣ್ಣದ ಪೆನ್ಸಿಲ್‌ನಲ್ಲಿ ಬಿಡಿಸಿದ್ದೆ. ಲ್ಯಾಬಿಗೆ ತಂದು ನೋಡಿದರೆ ಮೂರು ಗಂಟೆಗೆ ಮೇಲಿನ ನೀರಿನ ಉಪ್ಪು ಇಡೀ ರಾತ್ರಿಯಲ್ಲೇ ಕಡಿಮೆ, ತಳದ ಉಪ್ಪು ಆಗಲೇ ಏರಲು ಶುರು. ನಾನು ನಡುವೆ ಹಾಕಿದ್ದ ನುಣ್ಣನೆ ಅಂಕಿ ಎರಡಕ್ಕೂ ಹೊಂದುತ್ತಿರಲಿಲ್ಲ. ಮೇಡಂ ಗ್ರಾಫ್ ನೋಡಿ "ಹೂಂ" ಎಂದರು. ಅಷ್ಟೇ. ಅವರ "ಹೂಂ" ಸಿಗುವುದು ಕಷ್ಟ ಎಂದು ಅವರ ಕೈಯಲ್ಲಿ ಕಲಿತವರಿಗೆ ಗೊತ್ತು.

ಬಯೋಟೆಕ್ನಾಲಜಿ ಬಗ್ಗೆಯೂ ಬರೆಯಿರಿ ಎಂದಿದ್ದಾರೆ, ಈಗ ಎಲ್ಲರಿಗೂ ಅದರಲ್ಲೇ ಕೆಲಸ ಬೇಕು ಅಂತ. ನನಗೂ ಹೊಟ್ಟೆಪಾಡು ಅದರಿಂದಲೇ. ಬೆಂಗಳೂರಿನಲ್ಲಿ ಸೀಗಡಿ ರೋಗ ಪತ್ತೆಯ ಕೆಲಸ. 1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗ ಬಂದು ನಮ್ಮ ದೇಶದ ಸೀಗಡಿ ಕೆರೆಗಳು ಖಾಲಿಯಾದವು. ಚುಕ್ಕೆ ಕಣ್ಣಿಗೆ ಕಾಣುವ ಹೊತ್ತಿಗೆ ಕೆರೆ ಉಳಿಸಲು ಆಗುವುದಿಲ್ಲ. ಆದ್ದರಿಂದ ಮರಿ ಬಿಡುವ ಮುಂಚೆಯೇ ಅದರೊಳಗೆ ವೈರಸ್ಸಿನ ಡಿಎನ್‌ಎ ಇದೆಯಾ ಎಂದು ಪಿಸಿಆರ್ ಮಾಡಿ, ಅಂದರೆ ಆ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸಿ, ನೋಡಬೇಕು. ಯಂತ್ರ 94 ಡಿಗ್ರಿಗೆ ಕಾಯಿಸುತ್ತದೆ, ತಣಿಸುತ್ತದೆ, 72ಕ್ಕೆ ಏರಿಸುತ್ತದೆ, ಮತ್ತೆ ಅದೇ. ದೋಣಿಯಲ್ಲಿ ಕೂತವನಿಗೆ ಇದು ತೀರಾ ಸುಖದ ಕೆಲಸ. ಯಂತ್ರಕ್ಕೆ ನಿದ್ದೆ ಬರುವುದಿಲ್ಲ.

ಹೊಸದಾಗಿ ಸೇರುವ ಹುಡುಗರು ಕಡಲು ಬೇರೆ, ಲ್ಯಾಬ್ ಬೇರೆ ಅಂದುಕೊಂಡಿರುತ್ತಾರೆ. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಅಗರ್ ಕೆಂಪು ಕಡಲಕಳೆಯಿಂದ ಬಂದದ್ದು. ಜೀವಕೋಶದೊಳಗೆ ಹಸಿರಾಗಿ ಹೊಳೆಯುವ ಪ್ರೋಟೀನು ಒಂದು ಅಂಬಲಿ ಮೀನಿನದು (ಜೆಲ್ಲಿಫಿಶ್), ಅದಕ್ಕೆ 2008ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ರಕ್ತದ ಕ್ಯಾನ್ಸರಿಗೆ ಕೊಡುವ ಸೈಟರಬಿನ್ ಔಷಧಿಯ ಸುಳಿವು ಸಿಕ್ಕಿದ್ದು ಕೆರಿಬಿಯನ್ ಸಮುದ್ರದ ಒಂದು ಸ್ಪಂಜಿನಲ್ಲಿ. ಅಗರ್ ಎಂದರೆ ಅಂಗಡಿಯಲ್ಲಿ ಸಿಗುವ ಚೈನಾ ಗ್ರಾಸ್. ಅವ್ವ ಅದನ್ನು ಹಾಕಿ ಹಬ್ಬಕ್ಕೆ ಹಾಲಿನ ಸಿಹಿ ಮಾಡುತ್ತಾಳೆ. ಸಮುದ್ರದ್ದು ಎಂದು ಹೇಳಿದ ವರ್ಷ ಎರಡು ದಿನ ಮಾತು ಬಿಟ್ಟಿದ್ದಳು. ಆಮೇಲೆ "ಸೊಪ್ಪೇ ಅಲ್ಲೇನು" ಎಂದು ತಾನೇ ಸಮಾಧಾನ ಮಾಡಿಕೊಂಡಳು.

2024ರ ಆಗಸ್ಟ್ 6ರ ನಡುರಾತ್ರಿ ದಾಟಿ 7ನೇ ತಾರೀಖು ಆದ ಮೇಲೆ ಕಾಳಿಯ ಹಳೆಯ ಸೇತುವೆ ಕುಸಿಯಿತು. ನಾವಿದ್ದಾಗ ಅಲ್ಲಿ ರಸ್ತೆಗೆ ಅದೊಂದೇ ಸೇತುವೆ. ಅದರ ಕಂಬಕ್ಕೆ ಅಂಟಿದ ಚಿಪ್ಪು ಕೆರೆದೇ ನಮ್ಮ ಅರ್ಧ ಪ್ರಾಕ್ಟಿಕಲ್ ನಡೆದದ್ದು. ಲಾರಿಯೊಂದು ನೀರಿಗೆ ಬಿದ್ದಿತ್ತು, ಡ್ರೈವರ್‌ನನ್ನು ಕತ್ತಲಲ್ಲಿ ಉಳಿಸಿದವರಲ್ಲಿ ಅಲ್ಲಿಯ ಮೀನುಗಾರರೂ ಇದ್ದರು. ಟಿ.ವಿ.ಯಲ್ಲಿ ದೋಣಿ ಕಂಡ ಕೂಡಲೇ ಕಾಕಾ ನೆನಪಾದರು. ಅದೇ ಡಿಸೆಂಬರಿನಲ್ಲಿ ಹೋದೆ.

ಕಾಕಾ ಈಗ ದೋಣಿ ಹತ್ತುವುದಿಲ್ಲ, ಮಗ ಹತ್ತುತ್ತಾನೆ. ಅಂಗಳದಲ್ಲಿ ಕೂತು ಬಲೆ ಹೆಣೆಯುತ್ತಿದ್ದರು. ಗುರುತು ಹಿಡಿದರು. ಮಾತು ಆ ರಾತ್ರಿಗೆ ಬಂತು. ಮೇಡಂ ಬಾಟಲಿ ಪರೀಕ್ಷೆ ಮಾಡಿ ನನ್ನನ್ನು ಹಿಡಿದ ಕಥೆಯನ್ನು ನಾನು ಬಹಳ ಹೆಮ್ಮೆಯಿಂದ ಹೇಳಿದೆ. ಇಷ್ಟು ವರ್ಷ ಎಲ್ಲ ಹುಡುಗರಿಗೂ ಹೇಳಿಕೊಂಡು ಬಂದದ್ದೇ ಅದು.

ಕಾಕಾ ಸೂಜಿ ನಿಲ್ಲಿಸಿದರು. "ನಾನೇ ಹೇಳಿದ್ದಲ್ಲವಾ ಬಾಯೋರಿಗೆ. ಪೋರ ಮಲಗಿಬಿಟ್ಟಿದ್ದ ಅಂತ."

"ಮತ್ತೆ ಬಾಟಲಿ?"

"ಬಾಟ್ಲಿ ಗೀಟ್ಲಿ ನನಗೆ ಗೊತ್ತಿಲ್ಲ. ನಿಮ್ಮ ಗೊರಕೆ ಮಾತ್ರ ಆಚೆ ದಡದ ಸದಾಶಿವಗಡಕ್ಕೆ ಕೇಳ್ತಿತ್ತು."