ದೀಪದ ಬುಡದಲ್ಲಿ ಮೆಣಸಿನ ಗಿಡ

ಬೆಳಗ್ಗೆ ಆರಕ್ಕೆ ಟೈಮರ್ ಟಕ್ಕೆಂದು ಎಲ್‌ಇಡಿ ಹೊತ್ತಿಕೊಂಡಾಗ ಕುಂಡದ ಸುತ್ತ ಒಂಬತ್ತು ಹೂ ಉದುರಿದ್ದವು. ಬೆಂಗಳೂರಿನ ಫ್ಲ್ಯಾಟು, ಡಿಸೆಂಬರಿನ ಭಾನುವಾರ. ಮನೆಯೊಳಗೆ ಮೆಣಸು ಬೆಳೆಸಲು ಹೊರಟವರು ಒಂದಲ್ಲ ಒಂದು ದಿನ ಇದನ್ನು ನೋಡಿಯೇ ನೋಡುತ್ತಾರೆ. ಗಿಡ ಹಚ್ಚಗೆ ಮೊಣಕಾಲೆತ್ತರ ಬಂದಿರುತ್ತದೆ, ಮೊಗ್ಗೂ ಬಿಟ್ಟಿರುತ್ತದೆ, ಕಾಯಿ ಮಾತ್ರ ಒಂದೂ ಕಚ್ಚಿರುವುದಿಲ್ಲ. ಕೈ ನೇರ ಗೊಬ್ಬರದ ಡಬ್ಬಿಗೆ ಹೋಗುತ್ತದೆ. ತಪ್ಪುವುದು ಅಲ್ಲೇ.

ಉದುರಿದ ಹೂವನ್ನು ಎತ್ತಿ ನೋಡಬೇಕು. ತೊಟ್ಟು ಹಳದಿಯಾಗಿ ಬುಡದ ಗೆಣ್ಣಿನಲ್ಲಿ ಕಳಚಿಕೊಂಡಿದ್ದರೆ ಹೂ ಕಚ್ಚಿಲ್ಲ ಎಂದರ್ಥ. ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು: ರಾತ್ರಿ ಚಳಿ, ಸಾರಜನಕ ಜಾಸ್ತಿ, ಇಲ್ಲವೇ ಹೂವನ್ನು ಅಲುಗಿಸುವವರಿಲ್ಲ. ಆ ಭಾನುವಾರ ಮೂರೂ ಕೂಡಿದ್ದವು. ಕುಂಡ ಕಿಟಕಿಯ ಗಾಜಿಗೆ ಅಂಟಿಕೊಂಡಿತ್ತು. ಅಲ್ಲಿಟ್ಟ ಥರ್ಮಾಮೀಟರಿನಲ್ಲಿ ರಾತ್ರಿಯ ಕನಿಷ್ಠ 14 ಡಿಗ್ರಿ. ಹದಿನೈದಕ್ಕಿಂತ ಕೆಳಗಿಳಿದರೆ ಪರಾಗ ಸರಿಯಾಗಿ ಕೂಡುವುದಿಲ್ಲ. ಬೇಸಿಗೆಯಲ್ಲಿ 32 ದಾಟಿದರೂ ಇದೇ ಕಥೆ. ಎರಡಡಿ ಒಳಕ್ಕೆ ಸರಿಸಿದ್ದೇ ಮೊದಲ ಕೆಲಸ.

ಒಳಕ್ಕೆ ಸರಿಸಿದರೆ ಬಿಸಿಲು ತಪ್ಪುತ್ತದಲ್ಲ ಎಂಬ ಅಂಜಿಕೆ ಸಹಜ. ನಿಜಕ್ಕೂ ಕಿಟಕಿಯಿಂದ ಒಂದು ಮೀಟರ್ ಒಳಗೆ ಹೊರಗಿನ ಬೆಳಕಿನ ಹತ್ತನೆಯ ಒಂದು ಪಾಲೂ ಇರುವುದಿಲ್ಲ. ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ, ಗಿಡಕ್ಕೆ ಅದು ಅರೆಹೊಟ್ಟೆ. ಹಾಗಾಗಿ ವರ್ಷವಿಡೀ ಕಾಯಿ ಬೇಕೆನ್ನುವವರು ಮೊದಲ ದುಡ್ಡನ್ನು ದೀಪಕ್ಕೇ ಹಾಕಬೇಕು. ಎರಡಡಿ ಉದ್ದಗಲದ ಜಾಗ, ನಾಲ್ಕು ಕುಂಡ, ನಿಜವಾಗಿ 100 ವ್ಯಾಟ್ ಎಳೆಯುವ ಬಿಳಿ ಎಲ್‌ಇಡಿ ಫಲಕ, ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಹದಿನಾಲ್ಕು ಗಂಟೆ. ದಿನಕ್ಕೆ 1.4 ಯೂನಿಟ್, ತಿಂಗಳಿಗೆ 42. ತುದಿಯ ಚಿಗುರಿನಿಂದ ಸುಮಾರು ಒಂದಡಿ ಮೇಲೆ ತೂಗುಹಾಕಿ. ಗೆಣ್ಣುಗಳ ನಡುವೆ ಅಂತರ ಹೆಚ್ಚಿ ಗಿಡ ಸಣಕಲಾದರೆ ದೀಪ ಇಳಿಸಿ. ಮೇಲಿನ ಎಲೆ ಬಿಳಿಚಿದರೆ ಏರಿಸಿ. ರಾತ್ರಿಯೂ ಉರಿಸಬೇಡಿ, ಗಿಡಕ್ಕೆ ಕತ್ತಲೂ ಬೇಕು.

ಬೆಳಗ್ಗೆ ಹತ್ತಕ್ಕೆ ಹೂವಿನ ಕೆಲಸ. ಮೆಣಸಿನ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ, ಹೊರಗಾದರೆ ಗಾಳಿಯೂ ದುಂಬಿಯೂ ಅಲುಗಿಸಿ ಮುಗಿಸುತ್ತವೆ. ಮುಚ್ಚಿದ ಕೋಣೆಯಲ್ಲಿ ಆ ಅಲುಗಾಟವನ್ನು ನಾವೇ ಕೊಡಬೇಕು. ಅರಳಿದ ಹೂವಿನ ನೀಲಿಛಾಯೆಯ ಪರಾಗಕೋಶ ಒಡೆದು ಪುಡಿ ಕಾಣುವ ಹೊತ್ತಿಗೆ ತೊಟ್ಟಿನ ಹಿಂದೆ ಬ್ಯಾಟರಿ ಹಲ್ಲುಜ್ಜುವ ಬ್ರಷ್ಷನ್ನು ಎರಡು ಸೆಕೆಂಡು ತಾಗಿಸಿದರೆ ಸಾಕು. ಬ್ರಷ್ ಇಲ್ಲದಿದ್ದರೆ ಬೆರಳಿನಿಂದ ಮೆಲ್ಲಗೆ ಮೀಟಿ. ಹೂ ಎರಡು-ಮೂರು ದಿನ ತೆರೆದಿರುತ್ತದೆ, ಅಷ್ಟೂ ದಿನ ಮಾಡಿ. ಬಣ್ಣದ ಕುಂಚ ಬಳಸುವವರು ಪ್ರತಿ ತಳಿಗೂ ಬೇರೆ ಕುಂಚ ಇಟ್ಟುಕೊಳ್ಳಲಿ. ಇಲ್ಲದಿದ್ದರೆ ತಳಿ ಬೆರೆತು, ಎತ್ತಿಟ್ಟ ಬೀಜ ಮುಂದೆ ತಾಯಿಗಿಡದಂತೆ ಬರುವುದಿಲ್ಲ. ಜತೆಗೆ ಚಿಕ್ಕ ಫ್ಯಾನೊಂದು ದಿನಕ್ಕೆ ಕೆಲವು ಗಂಟೆ ತಿರುಗುತ್ತಿದ್ದರೆ ಕಾಂಡವೂ ಗಟ್ಟಿಯಾಗುತ್ತದೆ.

ಗೊಬ್ಬರದ ಲೆಕ್ಕ ಸಣ್ಣದು. ಎಲೆ ಬೆಳೆಯುವಾಗ ವಾರಕ್ಕೊಮ್ಮೆ ಲೀಟರಿಗೆ ಒಂದು ಗ್ರಾಂ 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ. ಮೊಗ್ಗು ಕಂಡ ಮೇಲೂ ಅದನ್ನೇ ಸುರಿಯುತ್ತ ಹೋದರೆ ಗಿಡ ಎಲೆಯಲ್ಲೇ ಮೈಮರೆಯುತ್ತದೆ. ಆಗ ಸಾರಜನಕ ಕಡಿಮೆ, ಪೊಟ್ಯಾಷ್ ಹೆಚ್ಚಿರುವ 13:0:45ಕ್ಕೆ ಬದಲಾಯಿಸಿ, ಅಷ್ಟೇ ಪ್ರಮಾಣ. ಕಾಯಿಯ ತುದಿ ಕಪ್ಪಾಗಿ ಕೊಳೆತರೆ ಕ್ಯಾಲ್ಸಿಯಂ ನೈಟ್ರೇಟ್ ಕೊಡಬಹುದು. ಆದರೆ ಅದನ್ನು 19:19:19ರ ಜತೆ ಒಂದೇ ಬಕೆಟ್ಟಿಗೆ ಹಾಕಬೇಡಿ. ರಂಜಕದೊಂದಿಗೆ ಸೇರಿ ತಳದಲ್ಲಿ ಸುಣ್ಣದಂತೆ ಕೂರುತ್ತದೆ, ಬೇರಿಗೆ ಏನೂ ದಕ್ಕುವುದಿಲ್ಲ.

ನೀರಿಗೆ ಗಡಿಯಾರ ನೋಡಬೇಡಿ, ಕುಂಡ ಎತ್ತಿ ನೋಡಿ. ಹತ್ತಿಂಚಿನ ಕುಂಡ, ಎರಡು ಪಾಲು ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಪರ್ಲೈಟ್ ಎಂಬ ಹಗುರ ಬಿಳಿ ಹರಳು. ಹಗುರಾದಾಗ ತಳದಿಂದ ಸ್ವಲ್ಪ ಹರಿಯುವಷ್ಟು ಹಾಕಿ, ತಟ್ಟೆಯ ನೀರು ಚೆಲ್ಲಿ. ದಿನವೂ ಒಂದೊಂದು ಲೋಟ ಹಾಕುವ ಪ್ರೀತಿಯೇ ಒಳಾಂಗಣದ ಮೆಣಸನ್ನು ಹೆಚ್ಚು ಕೊಂದಿದೆ. ಮೇಲ್ಮಣ್ಣು ಸದಾ ಒದ್ದೆಯಾದರೆ ಪುಟ್ಟ ಕರಿ ನೊಣ ಏಳುತ್ತದೆ, ಬೇರು ಕೊಳೆಯುತ್ತದೆ, ಎಲೆ ಜೋಲುತ್ತದೆ. ಜೋತದ್ದನ್ನು ಕಂಡು ಮತ್ತೆ ನೀರು ಹಾಕುತ್ತೇವೆ!

ಸಂಜೆ ಎಲೆಯ ಅಡಿಭಾಗ ತಿರುವಿ ನೋಡುವ ಹೊತ್ತು. ಅಂಚು ಮೇಲಕ್ಕೆ ದೋಣಿಯಂತೆ ಮುಟುರಿದ್ದರೆ ಥ್ರಿಪ್ಸ್ ನುಸಿ; ಬೋರಲು ದೋಣಿಯಂತೆ ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಮೊದಲನೆಯದಕ್ಕೆ ಬೇವಿನೆಣ್ಣೆ ಐದು ಮಿಲಿ, ಪಾತ್ರೆ ತೊಳೆಯುವ ದ್ರಾವಣ ಒಂದು ಮಿಲಿ. ಇವೆರಡನ್ನು ಮೊದಲು ಕಲಸಿ, ಆಮೇಲೆ ಒಂದು ಲೀಟರ್ ನೀರಿಗೆ ಸೇರಿಸಿ, ದೀಪ ಆರಿದ ನಂತರ ಸಿಂಪಡಿಸಿ. ದೀಪದಡಿ ಎಣ್ಣೆ ಎಲೆಯನ್ನು ಸುಡುತ್ತದೆ. ಮೈಟ್‌ಗೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಗ್ರಾಂ, ಬಾಲ್ಕನಿಗೆ ಒಯ್ದು. ಎಣ್ಣೆ ಹೊಡೆದು ಎರಡು ವಾರವಾಗದೆ ಗಂಧಕ ಬೇಡ.

ಹೊಸಬರಿಗೆ ಯಾವ ತಳಿ? ಬ್ಯಾಡಗಿಯ ಮೇಲಿನ ಅಕ್ಕರೆ ಎಲ್ಲರಿಗೂ ಇದೆ, 2011ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ಬಂದಿದೆ. ಆದರೆ ಅದರ ಹೆಸರು ಬಣ್ಣಕ್ಕೆ, ಖಾರಕ್ಕಲ್ಲ. ಅದು ಬಯಲಿನ ಬಿಸಿಲಲ್ಲಿ ಹಣ್ಣಾಗಿ ಒಣಗುವ ಬೆಳೆ. ಈಶಾನ್ಯ ಭಾರತದ ಅತಿ ಖಾರದ ಭೂತ್ ಜೊಲೊಕಿಯಾ ಮೊಳೆಯಲೇ ಮೂರ್ನಾಲ್ಕು ವಾರ ಹಿಡಿಯಬಹುದು, ಅದೂ 28 ಡಿಗ್ರಿ ಬೆಚ್ಚಗಿದ್ದರೆ. ಮಲೆನಾಡಿನ ಸೂಜಿಮೆಣಸು ಒಳ್ಳೆಯದು. ಕಾಯಿ ಪುಟ್ಟದು, ಗಿಡ ಬೇಡುವ ಆರೈಕೆ ಕಡಿಮೆ, ವರ್ಷಕ್ಕೊಮ್ಮೆ ಗೇಣುದ್ದಕ್ಕೆ ಕತ್ತರಿಸಿದರೆ ಮತ್ತೆ ಚಿಗುರಿ ಹಲವು ವರ್ಷ ಬದುಕುತ್ತದೆ.

ಆ ಭಾನುವಾರ ಉಳಿದಿದ್ದ ಆರು ಹೂಗಳಲ್ಲಿ ಎರಡು ಉದುರಿದವು. ಶುಕ್ರವಾರ ಬೆಳಗ್ಗೆ ದೀಪ ಹೊತ್ತಿದಾಗ ಉಳಿದ ನಾಲ್ಕು ತೊಟ್ಟುಗಳ ತುದಿಯಲ್ಲಿ, ಒಣಗಿದ ಎಸಳಿನ ಉಂಗುರದೊಳಗಿಂದ ಅಕ್ಕಿಕಾಳಿನಷ್ಟು ಹಸಿರು ಮಿಡಿಗಳು ಮೇಲ್ಮುಖವಾಗಿ ನಿಂತಿದ್ದವು.