ಅಷ್ಟು ಜನರ ಮಧ್ಯೆ ನಿನ್ನ ದನಿ ಯಾರಿಗೆ ಕೇಳುತ್ತೆ?

ನ್ಯೂಜೆರ್ಸಿಯ ನಮ್ಮ ಊರಿನಲ್ಲೊಂದು ಕಮ್ಯುನಿಟಿ ಕಾಯರ್ ಇದೆ. ನರ್ಸ್, ಶಾಲೆಯ ಮೇಷ್ಟ್ರು, ರಿಟೈರ್ ಆದವರು, ಹೀಗೆ ಹಾಡುವ ಆಸೆ ಇರುವವರೆಲ್ಲ ಸೇರಿ ಮಾಡಿಕೊಂಡ ಗುಂಪು. ಸೆಪ್ಟೆಂಬರ್‌ನಲ್ಲಿ ಅಭ್ಯಾಸ ಶುರುವಾದರೆ ಡಿಸೆಂಬರ್‌ನಲ್ಲಿ ಕಾರ್ಯಕ್ರಮ. ನಾನೂ ಅದರಲ್ಲಿ ಹಾಡುತ್ತೇನೆ ಅಂತ ಗೊತ್ತಾದ ಕನ್ನಡದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಕರ್ನಾಟಕ ಸಂಗೀತ ಕಲಿತವಳು ನೀನು. ಅಷ್ಟು ಜನರ ಮಧ್ಯೆ ನಿಂತು ಹಾಡಿದರೆ ನಿನ್ನ ದನಿ ಯಾರಿಗೆ ಕೇಳುತ್ತೆ?"

ಯಾರಿಗೂ ಬೇರೆಯಾಗಿ ಕೇಳಬಾರದು. ನಾನು ಹೋಗುವುದೇ ಅದಕ್ಕೆ.

ಕಾಯರ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಪು. ಹೆಂಗಸರಲ್ಲಿ ಮೇಲಿನ ದನಿಯವರು ಸೊಪ್ರಾನೊ, ಕೆಳಗಿನ ದನಿಯವರು ಆಲ್ಟೋ. ಗಂಡಸರಲ್ಲಿ ಟೆನರ್ ಮತ್ತು ಬೇಸ್. ಕೇಳುವವರ ಬಾಯಲ್ಲಿ ಉಳಿಯುವ ಧಾಟಿ ಹೆಚ್ಚಾಗಿ ಸೊಪ್ರಾನೊದವರದ್ದೇ. ನಾನು ಆಲ್ಟೋ. ಕೆಲವು ಕಡೆ ಸಾಲು ಪೂರ್ತಿ ಒಂದೇ ಸ್ವರದ ಮೇಲೆ ನಿಂತಿರಬೇಕು. ಮನೆಯಲ್ಲಿ ಅಭ್ಯಾಸ ಮಾಡುವಾಗ ಮಗಳು ಬಂದು "ಅಮ್ಮಾ, ಇದು ಯಾವ ಹಾಡು?" ಅಂತ ಕೇಳುತ್ತಾಳೆ. ನಾಲ್ಕೂ ಗುಂಪು ಸೇರಿದಾಗ ಗೊತ್ತಾಗುತ್ತೆ ಆ ಸ್ವರ ಅಲ್ಲಿ ಯಾಕಿದೆ ಅಂತ. ಅದನ್ನು ತೆಗೆದರೆ ಮೇಲಿನ ಧಾಟಿ ತೀರಾ ತೆಳ್ಳಗಾಗಿಬಿಡುತ್ತೆ.

ಸರಳೆ ವರಸೆ ಕಾಲದಿಂದ ಶ್ರುತಿ ಹಿಡಿದು ನಿಂತದ್ದು ಇಲ್ಲಿ ತುಂಬಾ ಸಹಾಯಕ್ಕೆ ಬಂತು. ಗಮಕ ಮಾತ್ರ ಬಿಡಬೇಕಾಯಿತು. ನಾನೊಬ್ಬಳು ಸ್ವರವನ್ನು ಆಡಿಸಿದರೆ ಇಡೀ ಸಾಲು ಕಲಸಿಹೋಗುತ್ತೆ.

ಉಸಿರಿನ ವಿಷಯ ಹೇಳಲೇಬೇಕು. ಒಂದೊಂದು ಕಡೆ ಎಷ್ಟು ಉದ್ದದ ಸ್ವರ ಇರುತ್ತೆ ಅಂದರೆ ಒಂದೇ ಉಸಿರಿನಲ್ಲಿ ಯಾರಿಗೂ ಆಗದು. ಅದಕ್ಕೊಂದು ಏರ್ಪಾಡಿದೆ. ಪಕ್ಕದವರು ಉಸಿರು ತೆಗೆದುಕೊಳ್ಳುವಾಗ ನಾನು ತೆಗೆದುಕೊಳ್ಳುವುದಿಲ್ಲ. ಪದ ಮುಗಿದ ಕಡೆಯಲ್ಲೂ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಎಲ್ಲರಿಗೂ ಉಸಿರು ಬೇಕೆನಿಸುವುದು ಅಲ್ಲೇ. ಸ್ವರದ ನಡುವೆ ಎಲ್ಲೋ ದನಿ ಇಳಿಸಿ, ಬಿಟ್ಟು, ಸದ್ದಾಗದಂತೆ ಉಸಿರೆಳೆದು, ಮತ್ತೆ ಮೆಲ್ಲಗೆ ಬಂದು ಸೇರಿಕೊಳ್ಳುತ್ತೇನೆ. ಅಷ್ಟು ಹೊತ್ತು ಉಳಿದವರು ನನ್ನ ಸ್ವರ ಹೊತ್ತಿರುತ್ತಾರೆ. ಆಮೇಲೆ ನಾನು ಅವರದ್ದು. ಎದುರಿಗೆ ಕೂತವರಿಗೆ ಎಲ್ಲೂ ಕಡಿಯದ ಸ್ವರ. ಅಷ್ಟು ಉದ್ದದ ಉಸಿರು ನಮ್ಮ ಯಾರ ಎದೆಯಲ್ಲೂ ಇಲ್ಲ. ಒಬ್ಬಳೇ ಕೂತು ಹಾಡಿದಾಗ ಈ ಸುಖ ನನಗೆ ಸಿಕ್ಕಿಲ್ಲ.

ಕಳೆದ ವರ್ಷ ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದರು. ಕಾರ್ಯಕ್ರಮಕ್ಕೆ ಹೊರಡುವ ಹೊತ್ತಿಗೆ ಅಮ್ಮನ ತಕರಾರು: "ಹಬ್ಬದ ದಿನ ಅಡಿಯಿಂದ ಮುಡಿಯವರೆಗೆ ಕಪ್ಪು ಹಾಕ್ಕೊಂಡು ಹೋಗ್ತಾರಾ?" ಯಾರೊಬ್ಬರ ಮೇಲೂ ಕಣ್ಣು ನಿಲ್ಲಬಾರದು ಅಂತ ಎಲ್ಲರಿಗೂ ಕಪ್ಪು, ಅಷ್ಟೇ ಅಮ್ಮ, ಅಂದೆ. ಕಿವಿಗೆ ಪುಟ್ಟ ಮುತ್ತಿನ ಓಲೆಯಾದರೂ ಹಾಕಿಕೋ ಅಂತ ಹಾಕಿಸಿಯೇ ಕಳಿಸಿದರು.

ಅಂದು ಹಾಡಿದವುಗಳಲ್ಲಿ ಕ್ಯಾರಲ್ ಆಫ್ ದ ಬೆಲ್ಸ್ ಇತ್ತು. ಅಮೆರಿಕದಲ್ಲಿ ಕ್ರಿಸ್‌ಮಸ್ ಹಾಡೆಂದು ಹೆಸರಾದ ಇದು ಮೂಲದಲ್ಲಿ ಉಕ್ರೇನಿನ ಹೊಸವರ್ಷದ ಹಾಡು. ಸ್ವಾಲೋ ಎಂಬ ಪುಟ್ಟ ಹಕ್ಕಿ ಮನೆಗೆ ಹಾರಿಬಂದು, ಯಜಮಾನನನ್ನು ಕರೆದು, ಈ ವರ್ಷ ನಿನಗೆ ಸಮೃದ್ಧಿ ಅನ್ನುತ್ತೆ. ಮಿಕೋಲಾ ಲಿಯೊಂಟೊವಿಚ್ ಅದನ್ನು ಕಾಯರ್‌ಗೆ ಹೊಂದಿಸಿದರು. 1916ರಲ್ಲಿ ಕೀವ್‌ನಲ್ಲಿ ಮೊದಲು ಹಾಡಿದ್ದು. 1921ರಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಮರುವರ್ಷ ಉಕ್ರೇನಿನ ಗಾಯಕರು ಅದನ್ನು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದರು. ಇಂಗ್ಲಿಷ್ ಸಾಹಿತ್ಯ ಬಂದದ್ದು 1936ರಲ್ಲಿ, ಅದರಲ್ಲಿ ಹಕ್ಕಿ ಹೋಗಿ ಗಂಟೆ ಬಂತು. ಹಾಡಿನ ಜೀವ ಇರುವುದು ನಾಲ್ಕೇ ಸ್ವರದ ತುಣುಕಿನಲ್ಲಿ. ನಮ್ಮ ಲೆಕ್ಕದಲ್ಲಿ ಗಾ ರಿಗ ಸಾ. ಅದೇ ತುಣುಕು ಮತ್ತೆ ಮತ್ತೆ ಬರುತ್ತೆ, ಅದರ ಸುತ್ತ ಉಳಿದ ದನಿಗಳು ಬದಲಾಗುತ್ತಾ ಹೋಗುತ್ತವೆ. ಬಿಡುವಿನಲ್ಲಿ ಸಿಕ್ಕ ಅಮ್ಮ ಮೊದಲು ಹೇಳಿದ್ದೇ "ಆ ಗರಿಗಸ ಚೆನ್ನಾಗಿತ್ತು ಕಣೇ" ಅಂತ. ನೋಟೇಶನ್ ಬಾರದ ಅಮ್ಮ ಒಂದೇ ಸಲಕ್ಕೆ ಹಿಡಿದಿದ್ದರು!

ಕೊನೆಗೆ ಹ್ಯಾಂಡಲ್ ಎಂಬ ಸಂಯೋಜಕನ ಹಲ್ಲೆಲೂಯಾ. 1741ರಲ್ಲಿ ಬರೆದ 'ಮೆಸ್ಸಾಯ' ಎಂಬ ದೊಡ್ಡ ಗಾಯನಕೃತಿಯ ಭಾಗ ಅದು. 1742ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ ಮೊದಲು ಹಾಡಿದಾಗ ಬಂದ ಹಣ ಆಸ್ಪತ್ರೆಗೆ, ಸಾಲ ತೀರಿಸಲಾಗದೆ ಜೈಲು ಸೇರಿದ್ದವರ ಬಿಡುಗಡೆಗೆ ಹೋಯಿತು. ಹಲ್ಲೆಲೂಯಾ ಶುರುವಾದ ಕೂಡಲೇ ಕೇಳುವವರೆಲ್ಲ ಎದ್ದು ನಿಲ್ಲುವುದು ವಾಡಿಕೆ. ಅಪ್ಪನೂ ಎಲ್ಲರ ಜೊತೆ ಎದ್ದು ನಿಂತರು. ಕಾರಿನಲ್ಲಿ ದಾರಿಯುದ್ದಕ್ಕೂ ಜಯಚಾಮರಾಜ ಒಡೆಯರ ಮಾತೇ. ನಮ್ಮ ಮಹಾರಾಜರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿ ಎಂಬ ಪಾಶ್ಚಾತ್ಯ ಸಂಗೀತದ ಸಂಸ್ಥೆಗೆ ಮೊದಲ ಅಧ್ಯಕ್ಷರಾಗಿದ್ದರು, ಈ ಸಂಗೀತ ಮೈಸೂರಿಗೆ ಹೊಸದೇನಲ್ಲ ಅಂತ ಮಕ್ಕಳಿಗೆ ಹೇಳಿದ್ದೇ ಹೇಳಿದ್ದು.

ಅಮ್ಮನದು ಮಾತ್ರ ಎಲ್ಲರ ಪ್ರಶ್ನೆಯೇ. "ಎಷ್ಟು ಕಿವಿಗೊಟ್ಟರೂ ನಿನ್ನ ದನಿ ಸಿಗಲಿಲ್ಲ." ನಾನು ಮೇಲೆ ಬರೆದದ್ದನ್ನೆಲ್ಲ ಊಟಕ್ಕೆ ಕೂತು ಹೇಳಿದೆ. ಅಮ್ಮ ಭಜನಾ ಮಂಡಳಿಯವರು, ಗುಂಪಿನಲ್ಲಿ ಹಾಡಿ ಗೊತ್ತು. ಆದರೆ ಅಲ್ಲಿ ಎಲ್ಲರದೂ ಒಂದೇ ಧಾಟಿ. ಎಲ್ಲವನ್ನೂ ಕೇಳಿ, ಭಾನುವಾರ ಮಧ್ಯಾಹ್ನ ಅದೇ ಕಾರ್ಯಕ್ರಮ ಇನ್ನೊಮ್ಮೆ ಇದೆ ಅಲ್ವಾ, ನಾನು ಬರ್ತೀನಿ, ನಿಮ್ಮ ಸಾಲಿನ ಎದುರಿಗೆ ಕೂರಿಸು ಅಂದರು.

ಕೂರಿಸಿದೆ. ವಾಪಸ್ ಬರುವಾಗ "ಇವತ್ತು ನಿಮ್ಮವರದ್ದು ಪೂರ್ತಿ ಕೇಳಿಸಿತು" ಅಂದರು. ನಿನ್ನದು ಅನ್ನಲಿಲ್ಲ, ನಿಮ್ಮವರದ್ದು ಅಂದರು. ನಾಲ್ಕು ತಿಂಗಳ ಅಭ್ಯಾಸಕ್ಕೆ ನನಗೆ ಅದಕ್ಕಿಂತ ಏನು ಬೇಕು?