ಕೆರೆಗೆ ಒಂದು ಪುಟ ಬರೆದ ದಿನ

ನಮ್ಮ ಪುರಸಭೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಎಂಬುದೊಂದು ಇದೆಯೆಂದು ಊರಿನ ಬಹುಪಾಲು ಜನರಿಗೆ ಇವತ್ತಿಗೂ ಗೊತ್ತಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಂ ಪ್ರಕಾರ ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಇಂಥ ಸಮಿತಿಯನ್ನು ರಚಿಸಲೇಬೇಕು. ಅಧ್ಯಕ್ಷರೊಬ್ಬರು, ಅವರ ಜೊತೆಗೆ ಹೆಚ್ಚೆಂದರೆ ಆರು ಮಂದಿ ಸದಸ್ಯರು, ಅವರಲ್ಲಿ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು ಎಂದು ನಮ್ಮ ಸಮಿತಿ ರಚನೆಯಾದಾಗ ಜಾರಿಯಲ್ಲಿದ್ದ 2004ರ ನಿಯಮಗಳು ಹೇಳುತ್ತಿದ್ದವು. ಸಮಿತಿಯ ಮುಖ್ಯ ಕೆಲಸವೆಂದರೆ ಆ ಊರಿನ ಗಿಡಮರ, ಪ್ರಾಣಿಪಕ್ಷಿ, ಬೆಳೆ, ಕಳೆ, ನೀರು, ಮಣ್ಣು ಮತ್ತು ಇವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕದಲ್ಲಿ ಬರೆದಿಡುವುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ, ಯಾರದೇ ಕಾಮಗಾರಿಯನ್ನು ತಡೆಯುವ ಅಧಿಕಾರವೂ ಇಲ್ಲ. ಇರುವುದು ಮುಖ್ಯವಾಗಿ ಬರೆಯುವ ಅಧಿಕಾರ, ಮತ್ತು ಅದನ್ನು ಎಷ್ಟು ಗಟ್ಟಿಯಾಗಿ ಬಳಸಬಹುದು ಎಂಬುದರ ಮೇಲೆ ಸಮಿತಿಯ ಬೆಲೆ ನಿಂತಿದೆ ಎಂದು ನಾನು ತಿಳಿದುಕೊಂಡದ್ದು ಕೆರೆಯ ಏರಿಯ ಮೇಲೆ ಕಳೆದ ಒಂದು ಭಾನುವಾರ ಮತ್ತು ಅದರ ಹಿಂದೆಯೇ ಬಂದ ಒಂದು ಸಭೆಯಿಂದ.

ನಮ್ಮದು ಶಿವಮೊಗ್ಗ ಜಿಲ್ಲೆಯ, ಅತ್ತ ಪೂರ್ಣ ಮಲೆನಾಡೂ ಅಲ್ಲದ ಇತ್ತ ಬಯಲುಸೀಮೆಯೂ ಅಲ್ಲದ ಒಂದು ಊರು. 2019ರ ಕೊನೆಯ ತಿಂಗಳುಗಳಲ್ಲಿ ಇಂಥ ಊರುಗಳ ಕಚೇರಿಗಳಲ್ಲೆಲ್ಲ ಏಕಾಏಕಿ ಜೀವವೈವಿಧ್ಯದ ಮಾತು ಕೇಳಿಬರತೊಡಗಿತು. ದೇಶದ ಎಲ್ಲ ಸ್ಥಳೀಯ ಸಂಸ್ಥೆಗಳೂ 2020ರ ಜನವರಿ 31ರೊಳಗೆ ಸಮಿತಿ ರಚಿಸಿ ದಾಖಲಾತಿ ಮುಗಿಸಬೇಕು, ತಪ್ಪಿದ ರಾಜ್ಯಗಳು ಫೆಬ್ರುವರಿ 1ರಿಂದ ತಿಂಗಳಿಗೆ ಹತ್ತು ಲಕ್ಷ ರೂಪಾಯಿಯಂತೆ ಕಟ್ಟಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿತ್ತು. ವರ್ಷಗಟ್ಟಲೆ ಬೀರುವಿನಲ್ಲಿ ಮಲಗಿದ್ದ ಕಡತ ಧಡಕ್ಕನೆ ಎದ್ದು ಕೂತಿತು. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾಗಿದ್ದ ನನಗೆ ಸದಸ್ಯತ್ವದ ಪತ್ರ ಬಂದದ್ದು ಆ ಗಡಿಬಿಡಿಯಲ್ಲೇ.

ಗಡಿಬಿಡಿಯ ಇನ್ನೊಂದು ಫಲ, ದಾಖಲಾತಿಯ ಕರಡನ್ನು ಹೊರಗಿನ ಒಂದು ಸಂಸ್ಥೆಗೆ ವಹಿಸಿದ್ದು. ಕರಡು ನೋಡಲು ಅಚ್ಚುಕಟ್ಟಾಗಿತ್ತು. ಬಣ್ಣದ ಚಿತ್ರಗಳಿದ್ದವು, ವೈಜ್ಞಾನಿಕ ಹೆಸರುಗಳೆಲ್ಲ ಓರೆ ಅಕ್ಷರದಲ್ಲಿದ್ದವು. ಆದರೆ ಮರಗಳ ಪಟ್ಟಿಯಲ್ಲಿ, ಸಮುದ್ರದಿಂದ ಇಷ್ಟು ದೂರ ಇರುವ ನಮ್ಮೂರಿಗೆ ಕರಾವಳಿಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರವನ್ನೂ ಸೇರಿಸಿಬಿಟ್ಟಿದ್ದರು. ಕರಾವಳಿಯ ಯಾವುದೋ ಪಂಚಾಯಿತಿಗೆ ಬರೆದ ಪುಟಗಳೇ ಘಟ್ಟ ಹತ್ತಿ ಬಂದಿದ್ದವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. 1990ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಅವರ ಸಂಗಡಿಗರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡು ಈ ದಾಖಲಾತಿಯ ಕಲ್ಪನೆಯನ್ನು ರೂಪಿಸಿದಾಗ, ಊರಿನವರೇ ತಮ್ಮ ಊರನ್ನು ನಡೆದು ನೋಡಿ ಬರೆಯಬೇಕೆಂಬುದೇ ಅದರ ತಿರುಳಾಗಿತ್ತು. ಕಾಂಡ್ಲಾ ಮರದ ದೆಸೆಯಿಂದ ಸಮಿತಿಯೂ ಅದೇ ತೀರ್ಮಾನಕ್ಕೆ ಬಂತು. ಎಲ್ಲ ಪುಟಗಳನ್ನೂ ಹೊಸದಾಗಿ ಬರೆಯಲು ಸಮಯವಿಲ್ಲ, ಕನಿಷ್ಠ ಕೆರೆಯ ಪುಟವನ್ನಾದರೂ ನಾವೇ ಬರೆಯೋಣ ಎಂದು ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹೊರಟೆವು.

ಹೊರಟವರಲ್ಲಿ ಕಾಲೇಜಿನ ಸಸ್ಯಶಾಸ್ತ್ರದ ಉಪನ್ಯಾಸಕಿಯೊಬ್ಬರು, ಸಂತೆಯಲ್ಲಿ ಸೊಪ್ಪು ಮಾರುವ ಹಿರಿಯ ಮಹಿಳೆ, ಕೆರೆಯ ಮೀನಿನ ಗುತ್ತಿಗೆದಾರರ ಬಳಿ ಬಲೆ ಬೀಸುವ ಒಬ್ಬರು ಇದ್ದರು. ಸದಸ್ಯರಲ್ಲದಿದ್ದರೂ ಆ ಭಾಗದ ಚರಂಡಿಗಳನ್ನು ನೋಡಿಕೊಳ್ಳುವ ಪೌರಕಾರ್ಮಿಕರೊಬ್ಬರನ್ನು ಆರೋಗ್ಯ ನಿರೀಕ್ಷಕರು ಜೊತೆಗೆ ಕಳುಹಿಸಿದ್ದರು. ದಾಖಲಾತಿಯ ನಮೂನೆಗಳಲ್ಲಿ ಪ್ರತಿ ಜೀವಿಯ ಹೆಸರಿನ ಮುಂದೆ ಅದರ ಸ್ಥಿತಿ ಹಿಂದೆ ಹೇಗಿತ್ತು, ಈಗ ಹೇಗಿದೆ ಎಂಬ ಎರಡು ಅಂಕಣಗಳಿರುತ್ತವೆ. ಹೊರಗಿನವರು ತಯಾರಿಸಿದ ಕರಡಿನಲ್ಲಿ ಆ ಎರಡು ಅಂಕಣಗಳಲ್ಲೂ ಉದ್ದಕ್ಕೂ ‘ಸಾಮಾನ್ಯ’ ಎಂದೇ ಬರೆದಿತ್ತು.

ಕೆರೆಯ ಅಚ್ಚುಕಟ್ಟು ಬಡಾವಣೆಯಾಗಿ ಬಹಳ ವರ್ಷಗಳಾದವು. ತೂಬು ಇದೆ, ಅದನ್ನು ಎತ್ತಿ ಇಳಿಸುವ ನೀರಗಂಟಿಯ ಕೆಲಸ ಇಲ್ಲ. ಕೋಡಿ ಬೀಳುವ ಜಾಗದಲ್ಲಿ ಸಿಮೆಂಟಿನ ಗೋಡೆ ಎದ್ದಿದೆ. ಇವನ್ನೆಲ್ಲ ಜಲದೃಶ್ಯದ, ಅಂದರೆ ಕೆರೆ ಹೊಳೆಗಳಂಥ ನೀರಿನ ತಾಣಗಳ, ನಮೂನೆಯಲ್ಲಿ ಬರೆದುಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊತ್ತು ಹಿಡಿದದ್ದು ಒಳಹರಿವಿನ ಕಡೆ, ರಾಜಕಾಲುವೆ ಕೆರೆಯಂಗಳಕ್ಕೆ ಇಳಿಯುವಲ್ಲಿ ನೀರಿನಂಚಿಗೆ ಹಬ್ಬಿಕೊಂಡಿದ್ದ ಹಸಿರು ಹಾಸಿನ ಮುಂದೆ.

ಕರಡಿನಲ್ಲಿ ಆ ಜಾಗದ ಚಿತ್ರವೇ ಇತ್ತು, ಕೆಳಗೆ ‘ಹೊನಗೊನ್ನೆ, ಹೇರಳ’ ಎಂಬ ಒಕ್ಕಣೆ ಇತ್ತು. ಸೊಪ್ಪು ಮಾರುವವರಿಗೆ ಅದನ್ನು ಓದಿ ಹೇಳಿದಾಗ ಅವರು ನಕ್ಕು, ಸೆರಗು ಎತ್ತಿ ಕಟ್ಟಿ ಅಂಚಿಗೆ ಇಳಿದು, ಒಂದು ಕುಡಿಯನ್ನು ಕಿತ್ತು ತಂದರು. ಗೆಣ್ಣಿನ ನಡುವೆ ಚಿವುಟಿ ನಮ್ಮೆಲ್ಲರ ಮುಖದ ಹತ್ತಿರ ಹಿಡಿದರು. ದಂಟಿನ ಒಳಗೆ ತಿರುಳೇ ಇರಲಿಲ್ಲ, ಹುಲ್ಲಿನ ಕೊಳವೆಯಂತೆ ಪೊಳ್ಳಾಗಿತ್ತು. “ಹೂವ ನೋಡ್ರಿ, ಉದ್ದ ತೊಟ್ಟಿನ ಮೇಲೆ ಎದ್ದು ನಿಂತೈತಿ. ಹೊನಗೊನ್ನೆ ಹೂವಿಗೆ ತೊಟ್ಟೆಲ್ಲೈತಿ, ಎಲೆ ಬುಡಕ್ಕೇ ಅಂಟಿಕೊಂಡಿರ್ತದೆ,” ಎಂದರು. ಉಪನ್ಯಾಸಕಿ ಕೈಚೀಲದಿಂದ ಮಸೂರ ತೆಗೆದು ನೋಡಿ, ಇದು ದಕ್ಷಿಣ ಅಮೆರಿಕದಿಂದ ಬಂದ ಅಲಿಗೇಟರ್ ಕಳೆ, ಹೊನಗೊನ್ನೆಯ ಕುಲದ್ದೇ ಆದರೂ ಬೇರೆ ಜಾತಿ ಎಂದು ಖಚಿತಪಡಿಸಿದರು. ಕೊಳಚೆಯಲ್ಲಿ ಇದು ಸೊಕ್ಕಿ ಬೆಳೆಯುತ್ತದೆ, ನೀರಿನಲ್ಲಿರುವ ಭಾರಲೋಹಗಳನ್ನು ಹೀರಿ ಎಲೆಯಲ್ಲಿ ಇಟ್ಟುಕೊಳ್ಳುತ್ತದೆ, ಹೊನಗೊನ್ನೆಯೆಂದೇ ತಿಳಿದು ಇದನ್ನು ಕೊಯ್ದು ತಿನ್ನುವವರು ಎಲ್ಲ ಕಡೆಯೂ ಇದ್ದಾರೆ ಎಂದು ಅವರು ವಿವರಿಸಿದರು. ಸೊಪ್ಪು ಮಾರುವವರು ಈ ಕೆರೆಯಂಚಿನಲ್ಲಿ ಸೊಪ್ಪು ಕೊಯ್ಯುವುದನ್ನು ಯಾವತ್ತೋ ಬಿಟ್ಟಿದ್ದರಂತೆ. ಮೊದಲು ಹೊನಗೊನ್ನೆ, ಒಂದೆಲಗ, ಕನ್ನೆಸೊಪ್ಪು ಮೂರೂ ಇಲ್ಲೇ ಸಿಗುತ್ತಿದ್ದವು, ಈಗ ಬಸ್ ಹತ್ತಿ ಪಕ್ಕದ ಹಳ್ಳಿಯ ಗದ್ದೆ ಬದುಗಳಿಗೆ ಹೋಗಬೇಕು ಎಂದರು. ಕೆರೆ ಕೆಟ್ಟಿತೆಂದರೆ ಬಸ್ಸಿನ ಟಿಕೆಟ್ಟಿನ ದುಡ್ಡು ಯಾರ ಸೊಂಟದ ಚೀಲದಿಂದ ಹೋಗುತ್ತದೆ ಎಂಬ ಲೆಕ್ಕಕ್ಕೆ ಯಾವ ನಮೂನೆಯಲ್ಲೂ ಅಂಕಣವಿಲ್ಲ. ಷರಾ ಎಂಬಲ್ಲಿ ಬರೆದುಕೊಂಡೆವು.

ಬಲೆ ಬೀಸುವವರು ಅಷ್ಟರಲ್ಲಿ ಒಂದು ಸುತ್ತು ಬಲೆ ಎಳೆದಿದ್ದರು. ಗುತ್ತಿಗೆದಾರರು ಬಿಟ್ಟ ಕಾಟ್ಲಾ, ರೋಹು ಬೆರಳೆಣಿಕೆಯಷ್ಟಿದ್ದವು. ಬಲೆಯಲ್ಲಿ ತುಂಬಿದ್ದದ್ದು ಜಿಲೇಬಿ ಮೀನು (ತಿಲಾಪಿಯಾ) ಮತ್ತು, ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿಯುವಂತೆ ಹೊರಳಾಡುತ್ತಿದ್ದ, ಮೀಸೆಯ ಆಫ್ರಿಕನ್ ಕ್ಯಾಟ್‌ಫಿಶ್. ಈ ಮೀನಿನ ಸಾಕಣೆಯನ್ನು ದೇಶದಲ್ಲಿ 2000ದಲ್ಲೇ ನಿಷೇಧಿಸಲಾಗಿದೆ. ಆದರೂ ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಇದನ್ನು ಕದ್ದು ಸಾಕುವ ಹೊಂಡಗಳು ಇದ್ದೇ ಇವೆ. 2019ರ ಆಗಸ್ಟಿನ ಮಹಾಮಳೆಯಲ್ಲಿ ಅಂಥದ್ದೊಂದು ಹೊಂಡದ ಒಡ್ಡು ಒಡೆದು ಇವು ಕೆರೆ ಸೇರಿದವು ಎಂದು ಅವರು ಹೇಳಿದರು. ನೀರು ಕೊಳೆತದ್ದರಿಂದ ನಾಡಮೀನುಗಳು ಸತ್ತವೇ ಎಂದು ನಾನು ಕೇಳಿದ್ದಕ್ಕೆ ಅವರು ಒಪ್ಪಲಿಲ್ಲ. ಕೊರವ, ಮುರುಗೋಡು, ಚೇಳುಮೀನು ಇವೆಲ್ಲ ನೀರಿನ ಮೇಲಕ್ಕೆ ಬಂದು ಗಾಳಿ ಕುಡಿಯುವ ಜಾತಿಯವು, ಕೊಳಚೆಗೆ ಅಷ್ಟು ಸುಲಭವಾಗಿ ಸಾಯುವವಲ್ಲ, ಕೊಳಚೆಗೆ ಸತ್ತದ್ದು ಕಾಟ್ಲಾ, ರೋಹುಗಳು, ನಾಡಮೀನಿನ ಮರಿಗಳನ್ನು ತಿಂದು ಮುಗಿಸುತ್ತಿರುವುದು ಈ ಮೀಸೆಯವನು ಎಂದು ಬಿಡಿಸಿ ಹೇಳಿದರು. ಜೀವಶಾಸ್ತ್ರ ಪಾಠ ಮಾಡಿದ ಎಷ್ಟೋ ವರ್ಷಗಳಲ್ಲಿ ಕಾರಣಗಳನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿದ ಉತ್ತರಪತ್ರಿಕೆ ನನಗೆ ಸಿಕ್ಕಿರಲಿಲ್ಲ.

ಪೌರಕಾರ್ಮಿಕರು ಅಲ್ಲಿಯವರೆಗೆ ಮಾತೇ ಆಡಿರಲಿಲ್ಲ. ಕೆರೆಗೆ ಕೊಳಚೆ ಎಲ್ಲಿಂದ ಬರುತ್ತದೆ ಎಂದು ಕೇಳಿದಾಗ ಅವರು ನಮ್ಮನ್ನು ರಾಜಕಾಲುವೆಯ ದಂಡೆಯುದ್ದಕ್ಕೂ ನಡೆಸಿಕೊಂಡು ಹೋಗಿ, ಒಂದೊಂದೇ ಮೋರಿಯ ಬಾಯನ್ನು ತೋರಿಸುತ್ತ, ಇದು ಮೇಲಿನ ಕೇರಿಯ ಬಚ್ಚಲು ನೀರು, ಇದು ಸಂತೆ ಮೈದಾನದ್ದು, ಇದು ಮದುವೆ ಛತ್ರದ್ದು ಎಂದು ಹೇಳುತ್ತಾ ಬಂದರು. ಛತ್ರದ ಪೈಪು ನಕ್ಷೆಯಲ್ಲಿ ಇಲ್ಲದ್ದು. ರಸ್ತೆಗೆ ಡಾಂಬರು ಹಾಕುವ ಮುಂಚೆ ರಾತ್ರಿಯಲ್ಲಿ ಹೂತದ್ದು ಎಂದರು. ಲಗ್ನಸರಾಯಿ ಇಲ್ಲದ ದಿನವಾದರೂ ಅದರ ಬಾಯಲ್ಲಿ ಬಾಳೆಎಲೆಯ ಚೂರು, ಕಾಗದದ ಲೋಟ, ಎಣ್ಣೆಯ ಪದರ ಸಿಕ್ಕಿಕೊಂಡಿದ್ದವು. ಪ್ರತಿ ವರ್ಷ ಪುರಸಭೆ ಜೆಸಿಬಿ ತರಿಸಿ ಕೆರೆಯ ಜಲಕಳೆ ತೆಗೆಸುತ್ತದೆ, ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಕಳೆ ಮತ್ತೆ ಮುಚ್ಚಿಕೊಳ್ಳುತ್ತದೆ. ಕೊಳಚೆಯ ಜೊತೆ ಬರುವ ಸಾರಜನಕ, ರಂಜಕಗಳೇ ಅದಕ್ಕೆ ಗೊಬ್ಬರವಾಗಿರುವಾಗ, ಮೋರಿಯ ಬಾಯಿ ಮುಚ್ಚದೆ ಕಳೆ ತೆಗೆಸುವುದು ಗುತ್ತಿಗೆದಾರರಿಗೆ ಕಾಯಂ ಕೆಲಸ ಒದಗಿಸುವ ಯೋಜನೆಯೇ ಹೊರತು ಕೆರೆಯದ್ದಲ್ಲ.

ಅದೇ ವಾರ ಪುರಸಭೆಯ ಸಭಾಂಗಣದಲ್ಲಿ ಸಮಿತಿ ಸೇರಿತು. ಕೆರೆಯ ಪುಟವನ್ನು ಉಪನ್ಯಾಸಕಿ ಓದಿದರು. ನಾಡಮೀನುಗಳ ಮುಂದೆ ‘ಹಿಂದೆ ಹೇರಳ, ಈಗ ಅಪರೂಪ’, ಹೊನಗೊನ್ನೆಯ ಮುಂದೆ ‘ಹಿಂದೆ ಹೇರಳ, ಈಗ ಇಲ್ಲ’ ಎಂದಿತ್ತು. ಕಾರಣವೆಂಬಲ್ಲಿ ಮೋರಿಗಳ ಬಾಯಿಗಳನ್ನು ಒಂದೊಂದಾಗಿ ಗುರುತಿಸಲಾಗಿತ್ತು. ಆಕ್ಷೇಪ ಬಂದದ್ದು ಅಲ್ಲಿಗೇ. ಇದು ಜೀವವೈವಿಧ್ಯದ ಪುಸ್ತಕ, ದೂರಿನ ಅರ್ಜಿಯಲ್ಲ, ಛತ್ರದ ವಿಷಯ ಇಲ್ಲೇಕೆ ಎಂದು ಒಬ್ಬರು ಕೇಳಿದರು. ಇಂಥದ್ದನ್ನು ಬರೆದು ಮೇಲಕ್ಕೆ ಕಳಿಸಿದರೆ ಉತ್ತರ ಕೊಡಬೇಕಾದವರು ನಾವೇ ಎಂದು ಇನ್ನೊಬ್ಬರು ಅಂದರು. ಎರಡನೆಯ ಮಾತು ಸುಳ್ಳಲ್ಲ, ಮತ್ತು ಅದು ಬರೆಯುವುದಕ್ಕೆ ಇರುವ ಅತ್ಯುತ್ತಮ ಕಾರಣವೂ ಹೌದು ಎಂದು ನನಗನ್ನಿಸಿತು. ಸಂಸ್ಕರಿಸದ ಕೊಳಚೆಯನ್ನು ಕೆರೆಗೆ ಬಿಡುವುದನ್ನು 2014ರ ರಾಜ್ಯದ ಕೆರೆ ಕಾಯ್ದೆ ನಿಷೇಧಿಸಿದೆ. ನಿಷೇಧಿಸಿದ್ದು ನಡೆಯುತ್ತಿದೆಯೆಂದು ಪುರಸಭೆಯದೇ ಸಮಿತಿ ಪುರಸಭೆಯದೇ ಮೊಹರಿನಡಿ ಬರೆದರೆ, ಮುಂದೆ ಯಾರೇ ಕೇಳಿದರೂ ಗಮನಕ್ಕೆ ಬಂದಿಲ್ಲ ಎಂದು ಹೇಳುವಂತಿಲ್ಲ. ಚರ್ಚೆ ಬಿಸಿಯೇರಿದಾಗ ಸೊಪ್ಪು ಮಾರುವವರು, ತಮ್ಮ ಹೆಸರು ಮಾಹಿತಿ ಕೊಟ್ಟವರ ಅಂಕಣದಲ್ಲಿ ಇದೆಯಲ್ಲ, ಕಾರಣ ತೆಗೆಯುವುದಾದರೆ ಆ ಹೆಸರನ್ನೂ ತೆಗೆಯಿರಿ, ಅರ್ಧ ಮಾತಿಗೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದರು. ಆಮೇಲೆ ಯಾರೂ ಹೆಚ್ಚು ಮಾತಾಡಲಿಲ್ಲ. ‘ಮದುವೆ ಛತ್ರ’ ಎಂಬಲ್ಲಿ ‘ವಾಣಿಜ್ಯ ಕಟ್ಟಡ’ ಎಂದು ತಿದ್ದುವುದಕ್ಕೆ ನಾವು ಒಪ್ಪಿದೆವು. ಮೋರಿಯ ಜಾಗದ ಗುರುತನ್ನು ಬಿಟ್ಟುಕೊಡಲಿಲ್ಲ. ಊರಿನಲ್ಲಿ ಆ ಜಾಗದಲ್ಲಿರುವ ವಾಣಿಜ್ಯ ಕಟ್ಟಡ ಯಾವುದೆಂದು ಕೇಳಬೇಕಾದವರು ಯಾರೂ ಇಲ್ಲವಾದ್ದರಿಂದ ತಿದ್ದುಪಡಿಯಿಂದ ನಷ್ಟವಾಗಲಿಲ್ಲ.

ಗಡುವಿನೊಳಗೆ ದಾಖಲಾತಿ ಬೆಂಗಳೂರಿನ ಜೀವವೈವಿಧ್ಯ ಮಂಡಳಿಗೆ ಹೋಯಿತು. ಉಳಿದ ಪುಟಗಳ ಬಗ್ಗೆ ನನಗೆ ಹೆಮ್ಮೆಯಿಲ್ಲ. ಕಾಂಡ್ಲಾ ಮರವನ್ನು ತೆಗೆದೆವು ಎಂಬುದನ್ನು ಬಿಟ್ಟರೆ ಅವು ಬಂದಂತೆಯೇ ಹೋದವು. ನಮ್ಮ ರಾಜ್ಯದ್ದೇ ಆದ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದದ್ದನ್ನು ಇಂಥ ಸಮಿತಿಗಳ ತರಬೇತಿಯಲ್ಲಿ ಪದೇಪದೇ ಹೇಳುತ್ತಾರೆ. ನಮ್ಮ ಕೆರೆಗೆ ಅಂಥ ಯೋಗವಿಲ್ಲ, ಅದು ಬೇಕಾಗಿಯೂ ಇಲ್ಲ. ಒಳಚರಂಡಿಯ ಎರಡನೇ ಹಂತದ ಕಾಮಗಾರಿಗೆ ಪಟ್ಟಿ ಮಾಡುವಾಗ ಯಾವ ಮೋರಿಗಳನ್ನು ಮೊದಲು ಜೋಡಿಸಬೇಕೆಂಬ ಪ್ರಶ್ನೆ ಬಂತು, ಕೆರೆಯ ಪುಟದ ನಕಲನ್ನು ಸಮಿತಿ ಲಗತ್ತಿಸಿತು, ಮೇಲಿನ ಕೇರಿಯ ಮತ್ತು ಸಂತೆ ಮೈದಾನದ ಮೋರಿಗಳು ಕೊಳವೆಗೆ ಸೇರಿದವು. ಛತ್ರದ ಪೈಪು ಹಾಗೆಯೇ ಇದೆ. ಅದರ ಮೇಲಿನ ಜಾಗ ಯಾರದೆಂಬ ತಕರಾರು ಇನ್ನೂ ಇತ್ಯರ್ಥವಾಗಿಲ್ಲ.

ದಾಖಲಾತಿಯನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕು ಎಂಬ ನಿಯಮವೂ ಇದೆ, ಊರಿನ ಜೀವವೈವಿಧ್ಯದ ಸಂರಕ್ಷಣೆಗೆಂದು ಸ್ಥಳೀಯ ಜೀವವೈವಿಧ್ಯ ನಿಧಿಯೊಂದನ್ನು ಕಾಯ್ದೆಯೇ ಹೇಳಿದೆ. ನಮ್ಮ ನಿಧಿಯ ಪಾಸ್‌ಬುಕ್ಕಿನಲ್ಲಿ ಚಹಾ ತರಿಸುವಷ್ಟೂ ಹಣವಿಲ್ಲವಾದ್ದರಿಂದ ಈ ಸಲ ಮಳೆ ನಿಂತ ಮೇಲೆ ನಮ್ಮ ಖರ್ಚಿನಲ್ಲೇ ಹೋಗುವುದೆಂದಾಗಿದೆ. ಸೊಪ್ಪು ಮಾರುವವರು ಬರುತ್ತೇನೆ ಎಂದಿದ್ದಾರೆ. ಮೀನಿನ ಗುತ್ತಿಗೆ ಬೇರೆಯವರ ಪಾಲಾಗಿದೆ, ಹೊಸಬರು ಬಲೆ ಎಳೆಯಲು ಒಪ್ಪುತ್ತಾರೋ ಇಲ್ಲವೋ ಮುಂದಿನ ಸಭೆಗೆ ಮುಂಚೆ ಕೇಳಿ ನೋಡಬೇಕು.